ಸೇವ್ ಮಾಡಿದ ಕೂಡಲೇ ಕೆಲಸ ಶುರುವಾಗಬೇಕೇ? ನಿಮಗೆ ಹೊಂದುವ ಫೈಲ್ ವಾಚರ್ ಯಾವುದು

ಕೋಡ್ ತಿದ್ದಿ ಸೇವ್ ಮಾಡುತ್ತೀರಿ. ಟರ್ಮಿನಲ್‌ಗೆ ಹೋಗುತ್ತೀರಿ. ಮೇಲಿನ ಬಾಣದ ಕೀಲಿ ಒತ್ತಿ ಹಿಂದಿನ ಕಮಾಂಡನ್ನೇ ಮತ್ತೆ ಓಡಿಸುತ್ತೀರಿ. ಬೆಳಗ್ಗೆಯಿಂದ ಸಂಜೆವರೆಗೆ ಇದೇ ನಡೆಯುತ್ತಿರುತ್ತದೆ. ಈ ಓಡಾಟ ತಪ್ಪಿಸಲೆಂದೇ ಇರುವ ಕಮಾಂಡ್ ಲೈನ್ ಟೂಲ್‌ಗಳಿಗೆ ಫೈಲ್ ವಾಚರ್ ಅನ್ನುತ್ತಾರೆ. ಪ್ರಾಜೆಕ್ಟಿನ ಫೈಲುಗಳ ಮೇಲೆ ಕಣ್ಣಿಟ್ಟಿದ್ದು, ಯಾವುದಾದರೂ ಬದಲಾದ ತಕ್ಷಣ ನೀವು ಹೇಳಿಟ್ಟ ಕಮಾಂಡನ್ನು ಓಡಿಸುವುದು ಅವುಗಳ ಕೆಲಸ. ಕೆಲಸ ಚಿಕ್ಕದು, ಟೂಲ್‌ಗಳು ಮಾತ್ರ ಹತ್ತಾರು. ಹಾಗಾಗಿ ಯಾವುದನ್ನು ಹಾಕಿಕೊಳ್ಳಲಿ ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ.

ಇತ್ತೀಚೆಗೆ ಹೀಗೆ ಕೇಳಿದವರಲ್ಲಿ ಮೂವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಒಬ್ಬಳು ಬಸವನಗುಡಿ ಕಡೆ ಇಂಜಿನಿಯರಿಂಗ್ ಓದುತ್ತಿರುವ ಹುಡುಗಿ. ಅವಳದು ಎಸ್.ಪಿ. ರಸ್ತೆಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, 4 ಜಿಬಿ ಮೆಮೊರಿ, ಅದರ ಮೇಲೆ ಉಬುಂಟು. ಎರಡನೆಯವರು ಬೆಳ್ಳಂದೂರಿನಲ್ಲಿ ಒಂದು ತಂಡ ನೋಡಿಕೊಳ್ಳುತ್ತಾರೆ. ತಂಡದಲ್ಲಿ ಕೆಲವರ ಹತ್ತಿರ ಮ್ಯಾಕ್, ಕೆಲವರ ಹತ್ತಿರ ವಿಂಡೋಸ್, ಒಂದಿಬ್ಬರ ಹತ್ತಿರ ಲಿನಕ್ಸ್. ಮೂರನೆಯವರು ಚಾಮರಾಜಪೇಟೆಯಲ್ಲಿ ಕನ್ನಡ ಪುಸ್ತಕಗಳ ಪುಟವಿನ್ಯಾಸ ಮಾಡುವವರು. ಅಧ್ಯಾಯಗಳನ್ನು ಮಾರ್ಕ್‌ಡೌನ್‌ನಲ್ಲಿ ಇಟ್ಟುಕೊಂಡು, ಪ್ಯಾಂಡಾಕ್ ಮತ್ತು ಝೀಲೇಟೆಕ್ ಮೂಲಕ ಪಿಡಿಎಫ್ ತೆಗೆಯುತ್ತಾರೆ. ಪ್ರೋಗ್ರಾಮಿಂಗ್ ಅವರ ವೃತ್ತಿಯಲ್ಲ, ಆದರೂ ಅಗತ್ಯ ಅದೇ.

ಇಲ್ಲಿ ಹೇಳುವ ಟೂಲ್‌ಗಳೆಲ್ಲ ಉಚಿತ, ಮುಕ್ತ ತಂತ್ರಾಂಶಗಳು. ದುಡ್ಡಿನ ಬದಲು ನೀವು ಕೊಡುವ ಬೆಲೆ ಮೆಮೊರಿ, ಬ್ಯಾಟರಿ, ಕಲಿಯುವ ಸಮಯ ಮತ್ತು ತಂಡದ ಎಲ್ಲರ ಯಂತ್ರದಲ್ಲೂ ಒಂದೇ ರೀತಿ ನಡೆಯುವಂತೆ ಮಾಡುವ ಶ್ರಮ.

ನೋಡುವುದು ಕರ್ನಲ್, ಟೂಲ್ ಅಲ್ಲ

ಹೋಲಿಸುವ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಫೈಲ್ ಬದಲಾಯಿತು ಎಂದು ಪತ್ತೆ ಹಚ್ಚುವ ಕೆಲಸವನ್ನು ಈ ಟೂಲ್‌ಗಳಲ್ಲಿ ಹೆಚ್ಚಿನವು ತಾವೇ ಮಾಡುವುದಿಲ್ಲ, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಹೇಳುತ್ತದೆ. ಲಿನಕ್ಸ್‌ನಲ್ಲಿ ಅದಕ್ಕೆ ಐನೋಟಿಫೈ ಎಂಬ ವ್ಯವಸ್ಥೆ ಇದೆ. 2005ರಲ್ಲಿ 2.6.13ನೇ ಕರ್ನಲ್ ಜೊತೆ ಅದು ಬಂತು. ಮ್ಯಾಕ್‌ನಲ್ಲಿ ಎಫ್‌ಎಸ್‌ಈವೆಂಟ್ಸ್, 2007ರ ಲೆಪರ್ಡ್ ಆವೃತ್ತಿಯಿಂದ. ಬಿಎಸ್‌ಡಿಗಳಲ್ಲಿ ಕೆಕ್ಯೂ, ವಿಂಡೋಸ್‌ನಲ್ಲಿ ಅದರದೇ ಇನ್ನೊಂದು. ಇವು ಯಾವುವೂ ಸಿಗದ ಕಡೆ ಟೂಲ್ ಆಗಾಗ ಪ್ರತಿ ಫೈಲಿನ ಸಮಯವನ್ನು ಓದಿ ನೋಡಬೇಕಾಗುತ್ತದೆ. ಅದಕ್ಕೆ ಪೋಲಿಂಗ್ ಎನ್ನುತ್ತಾರೆ. ಕೊರಿಯರ್‌ನವನು ಬೆಲ್ ಮಾಡುವುದಕ್ಕೂ, ಬಂದನೇ ಎಂದು ನಾವೇ ಎರಡೆರಡು ನಿಮಿಷಕ್ಕೆ ಗೇಟಿನ ತನಕ ಹೋಗಿ ನೋಡುವುದಕ್ಕೂ ಇರುವಷ್ಟು ವ್ಯತ್ಯಾಸ ಇವೆರಡರ ನಡುವೆ ಇದೆ. ಕರೆಂಟ್ ಹೋಗಿ ಬ್ಯಾಟರಿಯಲ್ಲಿ ಕೆಲಸ ಮಾಡುವಾಗ ಆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಹೀಗಾಗಿ "ಯಾವುದು ಬೇಗ ಗಮನಿಸುತ್ತದೆ" ಎಂಬುದು ಆಯ್ಕೆಗೆ ಒಳ್ಳೆಯ ಪ್ರಶ್ನೆಯಲ್ಲ. ಸುದ್ದಿ ಬರುವುದು ಎಲ್ಲರಿಗೂ ಒಂದೇ ಬಾಗಿಲಿನಿಂದ. ಸುದ್ದಿ ಬಂದ ಮೇಲೆ ಟೂಲ್ ಏನು ಮಾಡುತ್ತದೆ? ಹಿಂದಿನ ಸಲ ಎಬ್ಬಿಸಿ ಇನ್ನೂ ಓಡುತ್ತಿರುವ ಪ್ರೋಗ್ರಾಮನ್ನು, ಅಂದರೆ ಹಳೆಯ ಪ್ರಕ್ರಿಯೆಯನ್ನು, ಹೇಗೆ ನಿಲ್ಲಿಸುತ್ತದೆ? ಯಾವ ಸುದ್ದಿಯನ್ನು ಬಿಟ್ಟುಬಿಡುತ್ತದೆ? ಒಳ್ಳೆಯ ವಾಚರ್ ಮತ್ತು ತಲೆನೋವಿನ ವಾಚರ್ ಬೇರೆಯಾಗುವುದು ಅಲ್ಲಿ.

ಏನನ್ನು ನೋಡಿ ಅಳೆಯಬೇಕು

ಮೊದಲನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ನೀವು ಓಡಿಸುವ ಕಮಾಂಡ್ ತಾನಾಗಿ ಮುಗಿಯುತ್ತದೆಯೇ, ಇಲ್ಲ ನಿಲ್ಲದೆ ಓಡುತ್ತಿರುತ್ತದೆಯೇ? ಟೆಸ್ಟ್, ಬಿಲ್ಡ್, ಪಿಡಿಎಫ್ ತೆಗೆಯುವುದು ಇವೆಲ್ಲ ಮುಗಿಯುವಂಥವು. ವೆಬ್ ಸರ್ವರ್ ಮುಗಿಯುವುದಿಲ್ಲ. ಮುಗಿಯುವ ಕಮಾಂಡಿಗೆ ಯಾವ ವಾಚರ್ ಆದರೂ ನಡೆದೀತು. ಮುಗಿಯದ ಕಮಾಂಡಿಗೆ ಹಳೆಯದನ್ನು ಸರಿಯಾಗಿ ಕೊಂದು, ಅದು ಹಿಡಿದಿದ್ದ ಪೋರ್ಟ್ ಬಿಡಿಸಿ, ಆಮೇಲೆ ಹೊಸದನ್ನು ಎಬ್ಬಿಸುವ ಟೂಲ್ ಬೇಕು. ಇದರಲ್ಲಿ ಎಡವುವ ಟೂಲ್ ಹಾಕಿಕೊಂಡರೆ "ಪೋರ್ಟ್ ಆಗಲೇ ಬಳಕೆಯಲ್ಲಿದೆ" ಎಂಬ ದೂರು ದಿನವಿಡೀ ತಪ್ಪುವುದಿಲ್ಲ. ಇದರೊಳಗೆ ಇನ್ನೊಂದು ಸೂಕ್ಷ್ಮವಿದೆ. ನೀವು ಎಬ್ಬಿಸಿದ್ದು ಒಂದು ಶೆಲ್ ಸ್ಕ್ರಿಪ್ಟ್, ಅದು ಎಬ್ಬಿಸಿದ್ದು ಸರ್ವರ್ ಎಂದಿಟ್ಟುಕೊಳ್ಳಿ. ಟೂಲ್ ಶೆಲ್‌ಗೆ ಮಾತ್ರ ನಿಲ್ಲು ಎಂದು ಸಿಗ್ನಲ್ ಕಳಿಸಿದರೆ ಶೆಲ್ ಸಾಯುತ್ತದೆ, ಮಗು ಪ್ರಕ್ರಿಯೆ ಅನಾಥವಾಗಿ ಉಳಿದುಬಿಡುತ್ತದೆ. ಇಡೀ ಪ್ರಕ್ರಿಯೆ ಗುಂಪಿಗೆ ಸಿಗ್ನಲ್ ಕಳಿಸುವ ಟೂಲ್ ಇಲ್ಲಿ ಗೆಲ್ಲುತ್ತದೆ.

ಎರಡನೆಯದು, ಒಂದು ಸೇವ್‌ಗೆ ಎಷ್ಟು ಸುದ್ದಿ ಬರುತ್ತದೆ ಎಂಬುದು. ಎಡಿಟರ್‌ಗಳು ಸೇವ್ ಮಾಡುವ ರೀತಿ ನಾವು ಊಹಿಸುವಷ್ಟು ಸರಳವಲ್ಲ. ವಿಮ್ ಎಂಬ ಎಡಿಟರ್ ಬಳಸುವವರು ಐನೋಟಿಫೈ ಸುದ್ದಿಗಳನ್ನು ಪರದೆಯ ಮೇಲೆ ಹರಿಯಬಿಟ್ಟು ಒಮ್ಮೆ ನೋಡಿ. ನೀವು ಎಂದೂ ಮಾಡದ 4913 ಎಂಬ ಹೆಸರಿನ ಫೈಲ್ ಹುಟ್ಟಿ, ಮರುಕ್ಷಣವೇ ಅಳಿಯುವುದು ಕಾಣುತ್ತದೆ. ಈ ಫೋಲ್ಡರಿನಲ್ಲಿ ಫೈಲ್ ಸೃಷ್ಟಿಸಲು ಅನುಮತಿ ಇದೆಯೇ ಎಂದು ವಿಮ್ ಹಾಗೆ ಪರೀಕ್ಷೆ ಮಾಡಿಕೊಳ್ಳುತ್ತದೆ. ಆಮೇಲೆ ಹಳೆಯ ಫೈಲಿನ ಹೆಸರು ಬದಲಿಸಿ ಬ್ಯಾಕಪ್ ಮಾಡಿ, ಅದೇ ಹೆಸರಿನಲ್ಲಿ ಹೊಸ ಫೈಲ್ ಬರೆದು, ಬ್ಯಾಕಪ್ಪನ್ನು ಅಳಿಸುವುದೂ ಉಂಟು. ನಮ್ಮ ಲೆಕ್ಕದಲ್ಲಿ ಒಂದು ಸೇವ್, ಕರ್ನಲ್ ಲೆಕ್ಕದಲ್ಲಿ ಹಲವು ಘಟನೆ. ಗಿಟ್‌ನಲ್ಲಿ ಬ್ರಾಂಚ್ ಬದಲಿಸಿದರಂತೂ ನೂರಾರು ಫೈಲುಗಳ ಸುದ್ದಿ ಒಟ್ಟಿಗೆ ನುಗ್ಗುತ್ತದೆ. ಇವನ್ನೆಲ್ಲ ಕ್ಷಣಕಾಲ ತಡೆದು, ಒಂದೇ ಎಂದು ಪರಿಗಣಿಸಿ, ಕಮಾಂಡನ್ನು ಒಮ್ಮೆ ಮಾತ್ರ ಓಡಿಸುವ ಗುಣಕ್ಕೆ ಡಿಬೌನ್ಸ್ ಎನ್ನುತ್ತಾರೆ. ಹಳೆಯ ಫೈಲ್ ಹೋಗಿ ಅದೇ ಹೆಸರಿನ ಹೊಸ ಫೈಲ್ ಬಂದರೂ ಜಾಡು ತಪ್ಪದೆ ಹಿಂಬಾಲಿಸುವುದು ಇನ್ನೊಂದು ಗುಣ. ಎರಡೂ ಬೇಕು.

ಮೂರನೆಯದು ಬಿಟ್ಟುಬಿಡುವ ಕಲೆ. ಬಿಲ್ಡ್ ಆದಾಗ ಹುಟ್ಟುವ ಫೈಲುಗಳು ಅದೇ ಫೋಲ್ಡರಿನಲ್ಲಿದ್ದರೆ ಅವೇ ಮತ್ತೆ ಬಿಲ್ಡ್ ಶುರು ಮಾಡಿಸುತ್ತವೆ, ಅದು ಮತ್ತೆ ಫೈಲ್ ಹುಟ್ಟಿಸುತ್ತದೆ, ಫ್ಯಾನ್ ಸದ್ದು ಮಾಡತೊಡಗುತ್ತದೆ. ಗಿಟ್ ಇಗ್ನೋರ್ ಪಟ್ಟಿಯನ್ನು ತಾನೇ ಓದಿಕೊಳ್ಳುವ ಟೂಲ್ ಇದ್ದರೆ ಅರ್ಧ ತಾಪತ್ರಯ ಕಳೆಯಿತು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಕೆಲಸದ ನಡುವೆ ಹೊಸ ಫೈಲ್ ಸೇರಿಸಿದರೆ ಟೂಲ್‌ಗೆ ಗೊತ್ತಾಗುತ್ತದೆಯೇ? ನಿಮ್ಮ ಎಲ್ಲ ಆಪರೇಟಿಂಗ್ ಸಿಸ್ಟಂಗಳಲ್ಲೂ ಓಡುತ್ತದೆಯೇ? ಅದಕ್ಕಾಗಿ ಇನ್ನೊಂದು ಭಾಷೆಯ ಇಡೀ ಪರಿಸರ ಹಾಕಿಕೊಳ್ಳಬೇಕೇ? ದೊಡ್ಡ ಪ್ರಾಜೆಕ್ಟಿನಲ್ಲಿ ತಡೆಯುತ್ತದೆಯೇ?

ಮೊದಲು ಕೈಯಲ್ಲಿರುವುದನ್ನು ನೋಡಿಕೊಳ್ಳಿ

ಹೊಸ ಟೂಲ್ ಹುಡುಕುವ ಮುಂಚೆ ನೀವು ಬಳಸುವ ಫ್ರೇಮ್‌ವರ್ಕ್‌ನಲ್ಲೇ ಈ ಸೌಲಭ್ಯ ಇದೆಯೇ ನೋಡಿ. ಜ್ಯಾಂಗೋದ ಡೆವಲಪ್‌ಮೆಂಟ್ ಸರ್ವರ್ ಫೈಲ್ ಬದಲಾದರೆ ತಾನೇ ಮರುಪ್ರಾರಂಭವಾಗುತ್ತದೆ. ಫ್ಲಾಸ್ಕ್‌ನ ಡೀಬಗ್ ಮೋಡ್, ಯುವಿಕಾರ್ನ್‌ನ ರೀಲೋಡ್ ಆಯ್ಕೆ ಕೂಡ ಹಾಗೆಯೇ. ಜೆಸ್ಟ್ ಮತ್ತು ವೈಟೆಸ್ಟ್‌ಗಳಲ್ಲಿ ವಾಚ್ ಮೋಡ್ ಇದೆ, ಬದಲಾದ ಫೈಲಿಗೆ ಸಂಬಂಧಪಟ್ಟ ಟೆಸ್ಟ್‌ಗಳನ್ನು ಮಾತ್ರ ಆರಿಸಿ ಓಡಿಸುವ ಜಾಣತನವೂ ಅವಕ್ಕಿದೆ. ಗೋ ಭಾಷೆಯವರಿಗೆ ಏರ್, ರಸ್ಟ್‌ನವರಿಗೆ ಬೇಕನ್. ರಸ್ಟ್‌ನಲ್ಲಿ ಬಹುಕಾಲ ಎಲ್ಲರೂ ಬಳಸುತ್ತಿದ್ದ ಕಾರ್ಗೋ ವಾಚ್‌ನ ನಿರ್ವಾಹಕರೇ ಈಗ ಬೇಕನ್ ಕಡೆ ಕೈ ತೋರಿಸುತ್ತಾರೆ, ಆದ್ದರಿಂದ ಹೊಸದಾಗಿ ಶುರು ಮಾಡುವವರು ಹಳೆಯ ಟ್ಯುಟೋರಿಯಲ್ ನೋಡಿ ಅದನ್ನು ಹಾಕಿಕೊಳ್ಳುವುದು ಬೇಡ.

ಭಾಷೆಗೆ ಅಂಟಿಕೊಂಡ ಇಂಥ ಟೂಲ್‌ಗಳಿಗೆ ಒಳಗಿನ ಸಂಗತಿ ಗೊತ್ತಿರುತ್ತದೆ, ಯಾವ ಫೈಲನ್ನು ಯಾವುದು ಬಳಸುತ್ತದೆ ಎಂಬ ಅರಿವಿರುತ್ತದೆ. ಸಾಮಾನ್ಯ ವಾಚರ್‌ಗೆ ಅದು ತಿಳಿಯದು. ನಿಮ್ಮ ಅಗತ್ಯ ಇಷ್ಟರಲ್ಲೇ ಮುಗಿದರೆ ಮುಂದಕ್ಕೆ ಓದುವುದೇ ಬೇಡ. ಒಂದೇ ಪ್ರಾಜೆಕ್ಟಿನಲ್ಲಿ ಎರಡು ಮೂರು ಭಾಷೆ ಇದ್ದಾಗ, ಕೆಲಸ ಕೋಡಿಗೆ ಸಂಬಂಧಿಸದ್ದಾದಾಗ, ಫ್ರೇಮ್‌ವರ್ಕ್ ನೋಡದ ಫೈಲುಗಳನ್ನೂ ನೋಡಬೇಕಾದಾಗ ಸಾಮಾನ್ಯ ವಾಚರ್ ಬೇಕಾಗುತ್ತದೆ.

ಇಎನ್‌ಟಿಆರ್: ಪಟ್ಟಿ ನಿಮ್ಮದು, ಕಾವಲು ಅದರದು

ಎರಿಕ್ ರಾಡ್‌ಮನ್ ಸಿ ಭಾಷೆಯಲ್ಲಿ ಬರೆದಿರುವ ಈ ಟೂಲ್ ನನಗೆ ಬಹಳ ಇಷ್ಟ. ಇಂಗ್ಲಿಷಿನಲ್ಲಿ ಹೆಸರು ನಾಲ್ಕೇ ಅಕ್ಷರ, ಗಾತ್ರವೂ ಹಾಗೇ ಪುಟ್ಟದು. ಇತರ ವಾಚರ್‌ಗಳು ಫೋಲ್ಡರ್ ನೋಡುತ್ತವೆ, ಇದು ನೋಡುವುದು ನೀವು ಕೊಟ್ಟ ಫೈಲುಗಳ ಪಟ್ಟಿಯನ್ನು. ಫೈಂಡ್ ಅಥವಾ ಎಲ್‌ಎಸ್ ಕಮಾಂಡಿನಿಂದ ಪಟ್ಟಿ ತೆಗೆದು ಪೈಪ್ ಮೂಲಕ ಇದಕ್ಕೆ ಕೊಡಬೇಕು. ಗಿಟ್ ಬಳಸುವವರು ಗಿಟ್‌ನಿಂದಲೇ ತನ್ನ ಫೈಲುಗಳ ಪಟ್ಟಿ ತೆಗೆದು ಕೊಟ್ಟರೆ ಬೇಡದ್ದೆಲ್ಲ ಮೊದಲೇ ಸೋಸಿಹೋಗಿರುತ್ತದೆ. ಪಟ್ಟಿಯಲ್ಲಿಲ್ಲದ ಫೈಲ್ ಏನಾದರೂ ಆಗಲಿ, ಇದು ತಲೆಕೆಡಿಸಿಕೊಳ್ಳುವುದಿಲ್ಲ. ಆದ್ದರಿಂದ ಬಿಲ್ಡ್ ಮಾಡಿ ಹುಟ್ಟಿದ ಫೈಲೇ ಮತ್ತೆ ಬಿಲ್ಡ್ ಎಬ್ಬಿಸುವ ಸುಳಿ ಇಲ್ಲಿ ಸುಲಭಕ್ಕೆ ಹುಟ್ಟುವುದಿಲ್ಲ.

ಮುಗಿಯದ ಕಮಾಂಡಿಗೆ ಆರ್ ಎಂಬ ಆಯ್ಕೆ ಕೊಟ್ಟರೆ, ಹಳೆಯ ಪ್ರಕ್ರಿಯೆಗೆ ಟರ್ಮ್ ಸಿಗ್ನಲ್ ಕಳಿಸಿ ನಿಲ್ಲಿಸಿ ಹೊಸದನ್ನು ಎಬ್ಬಿಸುತ್ತದೆ. ಅದಕ್ಕಾಗಿ ಪ್ರತ್ಯೇಕ ಪ್ರಕ್ರಿಯೆ ಗುಂಪನ್ನೂ ಮಾಡಿಕೊಳ್ಳುತ್ತದೆ, ಹಾಗಾಗಿ ನಡುವೆ ಶೆಲ್ ಸ್ಕ್ರಿಪ್ಟ್ ಇದ್ದರೂ ಸಿಗ್ನಲ್ ಅಲ್ಲೇ ಸಿಕ್ಕಿಕೊಳ್ಳುವುದಿಲ್ಲ. ಸಿ ಆಯ್ಕೆ ಪ್ರತಿ ಸಲ ಪರದೆ ಒರೆಸುತ್ತದೆ. ಪಿ ಕೊಟ್ಟರೆ ಮೊದಲ ಬದಲಾವಣೆಯ ತನಕ ಕಾಯುತ್ತದೆ. ಸ್ಪೇಸ್ ಒತ್ತಿದರೆ ಬದಲಾವಣೆ ಇಲ್ಲದಿದ್ದರೂ ಕಮಾಂಡ್ ಓಡುತ್ತದೆ, ಕ್ಯೂ ಒತ್ತಿದರೆ ಹೊರಬರುತ್ತದೆ. ವಿಮ್‌ನ ಹೆಸರು ಬದಲಿಸುವ ಆಟಕ್ಕೂ ಇದು ಜಗ್ಗುವುದಿಲ್ಲ. ಮಾರ್ಗದರ್ಶಿ ಪುಟ ಚಿಕ್ಕದು, ಒಂದು ಕಾಫಿ ಕುಡಿಯುವಷ್ಟರಲ್ಲಿ ಪೂರ್ತಿ ಓದಿ ಮುಗಿಸಬಹುದು.

ಕೊರತೆ ಇರುವುದು ಹೊಸ ಫೈಲುಗಳ ವಿಷಯದಲ್ಲಿ. ಪಟ್ಟಿ ಕೊಟ್ಟ ಮೇಲೆ ಹುಟ್ಟಿದ ಫೈಲ್ ಪಟ್ಟಿಯಲ್ಲಿರುವುದಿಲ್ಲ. ಡಿ ಆಯ್ಕೆ ಕೊಟ್ಟರೆ ಫೋಲ್ಡರುಗಳನ್ನೂ ಗಮನಿಸುತ್ತದೆ ನಿಜ, ಆದರೆ ಹೊಸ ಫೈಲ್ ಕಂಡ ಕೂಡಲೇ ಅದು ಮಾಡುವುದು ಹೊರಬೀಳುವುದು. ಪಟ್ಟಿಯನ್ನು ಹೊಸದಾಗಿ ತೆಗೆದು ಮತ್ತೆ ಎಬ್ಬಿಸಲು ನೀವು ಶೆಲ್ ಲೂಪ್ ಬರೆದಿಟ್ಟುಕೊಳ್ಳಬೇಕು. ಶೆಲ್ ಬಲ್ಲವರಿಗೆ ಒಂದು ಸಾಲಿನ ಕೆಲಸ, ಹೊಸಬರಿಗೆ ಗೊಂದಲ. ಇನ್ನೊಂದು ಮಿತಿ ವಿಂಡೋಸ್. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್‌ನಲ್ಲಿ ಓಡುತ್ತದೆ, ನೇರವಾಗಿ ಓಡುವುದಿಲ್ಲ.

ವಾಚ್‌ಎಕ್ಸೆಕ್: ಹೆಚ್ಚು ಜನರಿಗೆ ಹೊಂದುವುದು

ರಸ್ಟ್‌ನಲ್ಲಿ ಬರೆದ ವಾಚ್‌ಎಕ್ಸೆಕ್ ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಒಂದೇ ರೀತಿ ಓಡುತ್ತದೆ. ಒಂದೇ ಬೈನರಿ ಫೈಲ್, ರಸ್ಟ್ ಹಾಕಿಕೊಳ್ಳಬೇಕಿಲ್ಲ, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಹಾಕಿಕೊಳ್ಳಬೇಕಿಲ್ಲ. ಏನೂ ಹೇಳದಿದ್ದರೆ ಈಗಿರುವ ಫೋಲ್ಡರನ್ನು ಒಳಗಿನದ್ದೆಲ್ಲ ಸೇರಿಸಿ ನೋಡುತ್ತದೆ, ಗಿಟ್ ಇಗ್ನೋರ್ ಪಟ್ಟಿಯನ್ನು ತಾನೇ ಪಾಲಿಸುತ್ತದೆ. ಇ ಆಯ್ಕೆಯಲ್ಲಿ ಫೈಲ್ ಎಕ್ಸ್‌ಟೆನ್ಶನ್ ಹೇಳಿದರೆ ಅಂಥವುಗಳಿಗಷ್ಟೇ ಕಿವಿಗೊಡುತ್ತದೆ. ಹೊಸ ಫೈಲುಗಳನ್ನು ಗುರುತಿಸಲು ಲೂಪ್ ಗೀಪ್ ಏನೂ ಬೇಡ. ಒತ್ತೊತ್ತಾಗಿ ಬರುವ ಸುದ್ದಿಗಳನ್ನು ಸೇರಿಸಿಕೊಳ್ಳಲು 50 ಮಿಲಿಸೆಕೆಂಡ್ ಕಾಯುವುದು ಅದರ ಮೂಲ ಸೆಟ್ಟಿಂಗ್, ಬೇಕಾದರೆ ಹೆಚ್ಚಿಸಿಕೊಳ್ಳಬಹುದು.

ಇದನ್ನು ಆರಿಸುವವರು ಒಂದು ಸಂಗತಿಯನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಕಮಾಂಡ್ ಇನ್ನೂ ಓಡುತ್ತಿರುವಾಗಲೇ ನೀವು ಮತ್ತೆ ಸೇವ್ ಮಾಡಿದರೆ ಏನಾಗಬೇಕು? ಇದರ ಮೂಲ ನಡವಳಿಕೆ ಆ ಸುದ್ದಿಯನ್ನು ಬಿಟ್ಟುಬಿಡುವುದು. ಬಿಲ್ಡ್ ತಾನೇ ಹುಟ್ಟಿಸುವ ಫೈಲುಗಳಿಂದ ಸುಳಿ ಏಳಬಾರದು ಎಂಬುದು ಅದರ ಹಿಂದಿನ ಲೆಕ್ಕ. ಆದರೆ ನಿಮ್ಮ ಟೆಸ್ಟ್ ಮುಗಿಯಲು ಇಪ್ಪತ್ತು ಸೆಕೆಂಡ್ ಬೇಕು, ಹತ್ತನೇ ಸೆಕೆಂಡಿನಲ್ಲಿ ನೀವು ಒಂದು ತಪ್ಪು ಕಂಡು ತಿದ್ದಿ ಸೇವ್ ಮಾಡಿದಿರಿ ಅನ್ನಿ. ಕೊನೆಗೆ ಪರದೆಯ ಮೇಲೆ ಕಾಣುವುದು ಹಳೆಯ ಕೋಡಿನ ಫಲಿತಾಂಶ. ಹಾಗಾಗಬಾರದು ಎಂದರೆ ಎರಡು ದಾರಿ ಇವೆ. ಆರ್ ಆಯ್ಕೆ ಕೊಟ್ಟರೆ ಓಡುತ್ತಿರುವುದನ್ನು ಅಲ್ಲೇ ನಿಲ್ಲಿಸಿ ಹೊಸದಾಗಿ ಶುರು ಮಾಡುತ್ತದೆ. ಕ್ಯೂ, ಅಂದರೆ ಸರದಿಯಲ್ಲಿ ನಿಲ್ಲಿಸುವ ಆಯ್ಕೆ ಕೊಟ್ಟರೆ ಈಗಿನದು ಮುಗಿದ ಮೇಲೆ ಇನ್ನೊಮ್ಮೆ ಓಡಿಸುತ್ತದೆ. ಟೆಸ್ಟ್‌ಗೂ ಸರ್ವರ್‌ಗೂ ಆರ್ ಒಳ್ಳೆಯದು. ಡೇಟಾಬೇಸ್ ಮೈಗ್ರೇಶನ್‌ನಂತೆ ನಡುವೆ ಕತ್ತರಿಸಬಾರದ ಕೆಲಸಕ್ಕೆ ಕ್ಯೂ.

ನಿಲ್ಲಿಸುವಾಗ ಇಡೀ ಪ್ರಕ್ರಿಯೆ ಗುಂಪಿಗೆ ಸಿಗ್ನಲ್ ಹೋಗುತ್ತದೆ, ಮಣಿಯದಿದ್ದರೆ ಸ್ವಲ್ಪ ಹೊತ್ತು ಕಾದು ಬಲವಂತವಾಗಿ ಮುಗಿಸುತ್ತದೆ. ಕರ್ನಲ್ ಸುದ್ದಿ ಸಿಗದ ಕಡೆ ಪೋಲಿಂಗ್‌ಗೆ ಇಳಿಸುವ ಆಯ್ಕೆಯೂ ಉಂಟು. ಆಯ್ಕೆಗಳ ಪಟ್ಟಿ ಉದ್ದ, ಮೊದಲ ಸಲ ನೋಡಿದರೆ ಗಾಬರಿಯಾಗುವಷ್ಟು. ದಿನನಿತ್ಯ ಬೇಕಾಗುವುದು ಮೂರು ನಾಲ್ಕು ಮಾತ್ರ.

ನೋಡ್‌ಮನ್, ಮತ್ತು ನೋಡ್‌ನದೇ ವಾಚ್

ಜಾವಾಸ್ಕ್ರಿಪ್ಟ್ ಕಲಿತವರೆಲ್ಲ ಎಲ್ಲಾದರೊಂದು ಕಡೆ ನೋಡ್‌ಮನ್ ಕಂಡಿರುತ್ತಾರೆ. ರೆಮಿ ಶಾರ್ಪ್ ಬರೆದ ಇದು ಸರ್ವರ್ ಮರುಪ್ರಾರಂಭಕ್ಕೆಂದೇ ಹುಟ್ಟಿದ್ದು. ನೋಡ್ ಮಾಡ್ಯೂಲ್‌ಗಳ ಫೋಲ್ಡರನ್ನು ಹೇಳದೆಯೇ ಬಿಡುತ್ತದೆ. ಸರ್ವರ್ ತಪ್ಪಿನಿಂದ ಬಿದ್ದರೆ ಸುಮ್ಮನೆ ಕಾದಿದ್ದು ಮುಂದಿನ ಸೇವ್‌ಗೆ ಎಬ್ಬಿಸುತ್ತದೆ. ಟರ್ಮಿನಲ್‌ನಲ್ಲಿ ಆರ್ ಎಸ್ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಕೈಯಾರೆ ಮರುಪ್ರಾರಂಭ. ಪ್ರಾಜೆಕ್ಟಿನ ಪ್ಯಾಕೇಜ್ ಪಟ್ಟಿಯಲ್ಲಿ ಹೆಸರು ಸೇರಿಸಿಟ್ಟರೆ ಹೊಸದಾಗಿ ಸೇರಿದವರಿಗೂ ಎನ್‌ಪಿಎಂ ಇನ್‌ಸ್ಟಾಲ್ ಮಾಡಿದೊಡನೆ ಬಂದುಬಿಡುತ್ತದೆ. ತಂಡಕ್ಕೆ ಇದು ದೊಡ್ಡ ಅನುಕೂಲ, ಏಕೆಂದರೆ ವಾಚ್‌ಎಕ್ಸೆಕ್, ಇಎನ್‌ಟಿಆರ್ ಎರಡನ್ನೂ ಪ್ರತಿಯೊಬ್ಬರೂ ತಮ್ಮ ಯಂತ್ರದಲ್ಲಿ ಬೇರೆಯಾಗಿ ಹಾಕಿಕೊಳ್ಳಬೇಕು.

ಎಕ್ಸೆಕ್ ಆಯ್ಕೆಯಿಂದ ಪೈಥಾನ್ ಅಥವಾ ಇನ್ನಾವುದೇ ಕಮಾಂಡನ್ನೂ ಇದರ ಕೈಯಲ್ಲಿ ಓಡಿಸಬಹುದು. ಆದರೆ ಬರಿ ಪೈಥಾನ್ ಪ್ರಾಜೆಕ್ಟಿಗೆ ವಾಚರ್ ಬೇಕೆಂದು ನೋಡ್ ಪರಿಸರವನ್ನೇ ತಂದು ಹಾಕುವುದು ಸರಿ ಕಾಣುವುದಿಲ್ಲ.

ಇನ್ನು ನೋಡ್ 18.11ರಿಂದ ನೋಡ್‌ನಲ್ಲೇ ವಾಚ್ ಆಯ್ಕೆ ಬಂದಿದೆ, 22ನೇ ಆವೃತ್ತಿಯಲ್ಲಿ ಅದು ಸ್ಥಿರವೆಂದು ಘೋಷಣೆಯಾಯಿತು. ಅದು ನೋಡುವುದು ನೀವು ಓಡಿಸಿದ ಮುಖ್ಯ ಫೈಲನ್ನು ಮತ್ತು ಅದು ಇಂಪೋರ್ಟ್ ಮಾಡಿಕೊಂಡ ಮಾಡ್ಯೂಲ್‌ಗಳನ್ನು. ಎಚ್‌ಟಿಎಂಎಲ್ ಟೆಂಪ್ಲೇಟ್ ಬದಲಿಸಿದರೆ ಅದಕ್ಕೆ ಸುದ್ದಿಯೇ ಇಲ್ಲ. ಬೇರೆ ಫೋಲ್ಡರ್ ಸೂಚಿಸುವ ಆಯ್ಕೆ ಇದ್ದರೂ ಅದು ಮ್ಯಾಕ್ ಮತ್ತು ವಿಂಡೋಸ್‌ಗೆ ಸೀಮಿತ, ಲಿನಕ್ಸ್‌ನಲ್ಲಿ ನಡೆಯದು. ಚಿಕ್ಕ ಎಪಿಐ ಸರ್ವರ್ ಬರೆಯುತ್ತಿದ್ದರೆ ಇದೇ ಸಾಕು, ಒಂದು ಪ್ಯಾಕೇಜ್ ಕಡಿಮೆ ಆಯಿತು. ಟೆಂಪ್ಲೇಟು, ಕಾನ್ಫಿಗ್ ಫೈಲುಗಳೆಲ್ಲ ಇದ್ದರೆ ನೋಡ್‌ಮನ್‌ನಲ್ಲೇ ಇರಿ.

ಐನೋಟಿಫೈವೇಟ್ ಮತ್ತು ಎಫ್‌ಎಸ್‌ವಾಚ್

ಇವು ಪೂರ್ತಿ ವಾಚರ್‌ಗಳಲ್ಲ, ಸುದ್ದಿ ತಂದುಕೊಡುವವು. ಏನು ಬದಲಾಯಿತು ಎಂದು ಸಾಲು ಸಾಲಾಗಿ ಹೇಳುತ್ತವೆ, ಮುಂದಿನದ್ದು ನಿಮ್ಮ ಸ್ಕ್ರಿಪ್ಟಿನ ಜವಾಬ್ದಾರಿ. ಹಳೆಯ ಪ್ರಕ್ರಿಯೆ ಕೊಲ್ಲುವ ಏರ್ಪಾಡಿಲ್ಲ. ಐನೋಟಿಫೈವೇಟ್ ಲಿನಕ್ಸ್‌ಗೆ ಮಾತ್ರ, ಎಫ್‌ಎಸ್‌ವಾಚ್ ಎಲ್ಲ ಕಡೆ. ಸರ್ವರ್ ಒಂದರಲ್ಲಿ ಯಾವುದೋ ಫೋಲ್ಡರಿಗೆ ಬಂದು ಬೀಳುವ ಫೈಲುಗಳನ್ನು ಒಂದೊಂದಾಗಿ ಎತ್ತಿಕೊಂಡು ಸಂಸ್ಕರಿಸುವಂಥ ಕೆಲಸಕ್ಕೆ ಐನೋಟಿಫೈವೇಟ್ ಚೆನ್ನ. ಆಗ ಮಾಡಿಫೈ ಘಟನೆಯನ್ನು ಕೇಳಬೇಡಿ. ಅದು ಫೈಲ್ ಅರ್ಧ ಬರೆದಿರುವಾಗಲೇ ಬರುತ್ತದೆ, ನೀವು ಅರ್ಧ ಫೈಲನ್ನೇ ಓದಿಬಿಡುತ್ತೀರಿ. ಬರೆದು ಮುಚ್ಚಿದಾಗ ಬರುವ ಕ್ಲೋಸ್ ರೈಟ್ ಘಟನೆಯನ್ನೂ, ಬೇರೆಡೆಯಿಂದ ಹೆಸರು ಬದಲಿಸಿ ತಂದಾಗ ಬರುವ ಮೂವ್ಡ್ ಟು ಘಟನೆಯನ್ನೂ ಕೇಳಿ. ದಿನನಿತ್ಯದ ಕೋಡಿಂಗ್‌ಗೆ ಇವೆರಡನ್ನೂ ನಾನು ಶಿಫಾರಸು ಮಾಡುವುದಿಲ್ಲ.

ವಾಚ್‌ಮನ್: ದೊಡ್ಡ ಪ್ರಾಜೆಕ್ಟಿಗೆ

ಫೇಸ್‌ಬುಕ್ ತನ್ನ ಭಾರೀ ಗಾತ್ರದ ಕೋಡ್ ರಾಶಿಗೆಂದು ಬರೆದುಕೊಂಡದ್ದು ವಾಚ್‌ಮನ್. ಇದು ಹಿನ್ನೆಲೆಯಲ್ಲಿ ಸದಾ ಓಡುವ ಡೀಮನ್. ಇಡೀ ಫೋಲ್ಡರ್ ಮರವನ್ನು ಒಮ್ಮೆ ಜಾಲಾಡಿ ನೆನಪಿನಲ್ಲಿಟ್ಟುಕೊಂಡು, ಆಮೇಲೆ "ಹಿಂದಿನ ಸಲ ಕೇಳಿದ ಮೇಲೆ ಏನೇನು ಬದಲಾಯಿತು" ಎಂಬ ಪ್ರಶ್ನೆಗೆ ತಕ್ಷಣ ಉತ್ತರ ಕೊಡುತ್ತದೆ. ಹಲವು ಟೂಲ್‌ಗಳು ಒಂದೇ ವಾಚ್‌ಮನ್‌ನನ್ನು ಹಂಚಿಕೊಳ್ಳಬಹುದು, ಒಬ್ಬೊಬ್ಬರೂ ಬೇರೆ ಬೇರೆ ಕಾವಲು ಹಾಕುವ ಹೊರೆ ತಪ್ಪುತ್ತದೆ. ರಿಯಾಕ್ಟ್ ನೇಟಿವ್ ಕೆಲಸ ಮಾಡುವವರ ಯಂತ್ರದಲ್ಲಿ ಬಹುಶಃ ಆಗಲೇ ಇರುತ್ತದೆ. ಹಲವು ಪ್ರಾಜೆಕ್ಟುಗಳನ್ನು ಒಂದೇ ಕಡೆ ಇಟ್ಟ, ಹತ್ತಾರು ಸಾವಿರ ಫೈಲುಗಳಿರುವ ಮೊನೊರೆಪೊ ಇದ್ದರೆ ನೋಡಿ. ಅದಕ್ಕಿಂತ ಚಿಕ್ಕದಕ್ಕೆ ಇದರ ಕಾನ್ಫಿಗರೇಶನ್ ಕಲಿಯುವ ಶ್ರಮ ಬೇಡ, 4 ಜಿಬಿ ಯಂತ್ರಕ್ಕಂತೂ ಬೇಡವೇ ಬೇಡ.

ರೂಬಿ ಲೋಕದ ಗಾರ್ಡ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಇಂಥ ಫೈಲ್ ಬದಲಾದರೆ ಇಂಥದ್ದೇ ಟೆಸ್ಟ್ ಓಡಿಸು ಎಂದು ಗಾರ್ಡ್‌ಫೈಲ್‌ನಲ್ಲಿ ನಿಯಮ ಬರೆದಿಡಬಹುದು, ಅದೇ ಅದರ ಬಲ. ರೈಲ್ಸ್ ಪ್ರಾಜೆಕ್ಟಿನಲ್ಲಿದ್ದರೆ ಬಳಸಿ. ಹೊರಗಿನವರು ಅದಕ್ಕಾಗಿ ರೂಬಿ ಹಾಕಿಕೊಳ್ಳಬೇಕಿಲ್ಲ.

ಯಾವ ಟೂಲೂ ಕಣ್ಣು ಬಿಡದ ಜಾಗಗಳು

ಕೆಲವೊಮ್ಮೆ ಟೂಲ್ ಬದಲಿಸಿದರೂ ಸಮಸ್ಯೆ ಹೋಗುವುದಿಲ್ಲ, ಏಕೆಂದರೆ ಸುದ್ದಿಯೇ ಬರುತ್ತಿರುವುದಿಲ್ಲ. ವಿಂಡೋಸ್‌ನಲ್ಲಿ ಡಬ್ಲ್ಯುಎಸ್‌ಎಲ್ 2 ಬಳಸುವವರು ಪ್ರಾಜೆಕ್ಟನ್ನು ಸಿ ಡ್ರೈವ್‌ನಲ್ಲಿಟ್ಟು, ವಿಂಡೋಸ್ ಎಡಿಟರ್‌ನಲ್ಲಿ ತಿದ್ದಿ, ವಾಚರನ್ನು ಲಿನಕ್ಸ್ ಒಳಗೆ ಓಡಿಸಿದರೆ ಐನೋಟಿಫೈಗೆ ಏನೂ ಗೊತ್ತಾಗುವುದಿಲ್ಲ. ಪ್ರಾಜೆಕ್ಟನ್ನು ಲಿನಕ್ಸ್‌ನ ಹೋಮ್ ಫೋಲ್ಡರಿಗೆ ಒಯ್ದರೆ ಸರಿಹೋಗುತ್ತದೆ, ಫೈಲ್ ಓದು ಬರಹವೂ ವೇಗವಾಗುತ್ತದೆ. ಎನ್‌ಎಫ್‌ಎಸ್‌ನಂಥ ನೆಟ್‌ವರ್ಕ್ ಡ್ರೈವ್‌ನಲ್ಲೂ ಹೀಗೇ, ಇನ್ನೊಂದು ಯಂತ್ರದಿಂದ ಆದ ಬದಲಾವಣೆ ಕಾಣದು. ವರ್ಚುವಲ್ ಮಷೀನಿನ ಹಂಚಿಕೆ ಫೋಲ್ಡರುಗಳು, ಕೆಲವು ಡಾಕರ್ ವ್ಯವಸ್ಥೆಗಳಲ್ಲೂ ಇದೇ ಪಾಡು. ಅಲ್ಲೆಲ್ಲ ಪೋಲಿಂಗ್ ಇರುವ ಟೂಲೇ ಬೇಕು. ವಾಚ್‌ಎಕ್ಸೆಕ್‌ನಲ್ಲಿ ಇದೆ, ನೋಡ್‌ಮನ್‌ನಲ್ಲಿ ಲೆಗಸಿ ವಾಚ್ ಎಂಬ ಹೆಸರಿನಲ್ಲಿ ಇದೆ.

ಲಿನಕ್ಸ್‌ನ ಇನ್ನೊಂದು ಸಂಗತಿ ಹೊಸಬರನ್ನು ತುಂಬಾ ದಾರಿ ತಪ್ಪಿಸುತ್ತದೆ. ಡಿಸ್ಕ್ ಅರ್ಧಕ್ಕರ್ಧ ಖಾಲಿ ಇದ್ದರೂ ವಾಚರ್ "ಸಾಧನದಲ್ಲಿ ಜಾಗ ಉಳಿದಿಲ್ಲ" ಎಂಬ ಅರ್ಥದ ತಪ್ಪು ತೋರಿಸಿ ನಿಲ್ಲುತ್ತದೆ. ಡಿಸ್ಕಿಗೂ ಅದಕ್ಕೂ ಸಂಬಂಧವಿಲ್ಲ. ಐನೋಟಿಫೈ ಪ್ರತಿ ಫೋಲ್ಡರಿಗೂ ಒಂದು ಕಾವಲು ಕೇಳುತ್ತದೆ, ಒಬ್ಬ ಬಳಕೆದಾರ ಇಷ್ಟೇ ಕಾವಲು ಹಾಕಬಹುದೆಂಬ ಮಿತಿ ಕರ್ನಲ್‌ನಲ್ಲಿದೆ. ಹಳೆಯ ಕರ್ನಲ್‌ಗಳಲ್ಲಿ ಅದು 8192. 5.11ರಿಂದೀಚೆಗೆ ಯಂತ್ರದ ಮೆಮೊರಿ ನೋಡಿ ಕರ್ನಲ್ ತಾನೇ ನಿಗದಿ ಮಾಡುತ್ತದೆ. ಸಿಸ್‌ಕಂಟ್ರೋಲ್ ಎಂಬ ಕಮಾಂಡಿನ ಮೂಲಕ ಹೆಚ್ಚಿಸಬಹುದು, 524288 ಎಂಬ ಸಂಖ್ಯೆಯನ್ನು ಹೆಚ್ಚಿನವರು ಹಾಕಿಕೊಳ್ಳುತ್ತಾರೆ. ಒಂದೊಂದು ಕಾವಲಿಗೂ ಸುಮಾರು 1 ಕೆಬಿ ಕರ್ನಲ್ ಮೆಮೊರಿ ಹೋಗುವುದರಿಂದ ಚಿಕ್ಕ ಯಂತ್ರದಲ್ಲಿ ಮೊದಲು ನೋಡುವ ಫೋಲ್ಡರುಗಳನ್ನು ಕಡಿಮೆ ಮಾಡಿ, ಆಮೇಲೆ ಮಿತಿ ಹೆಚ್ಚಿಸಿ.

ಮೂವರಿಗೆ ಮೂರು ಉತ್ತರ

ಬಸವನಗುಡಿಯ ಹುಡುಗಿಗೆ ಇಎನ್‌ಟಿಆರ್. ಉಬುಂಟುವಿನ ರೆಪಾಸಿಟರಿಯಲ್ಲೇ ಇದೆ, ಹಾಕಿಕೊಳ್ಳಲು ಒಂದು ಕಮಾಂಡ್ ಸಾಕು. ಮೆಮೊರಿಗೆ ಭಾರವಿಲ್ಲ. ಸಿ ಪ್ರೋಗ್ರಾಂ ಲ್ಯಾಬ್, ಪೈಥಾನ್ ಅಸೈನ್‌ಮೆಂಟ್ ಎಲ್ಲಕ್ಕೂ ಆಗುತ್ತದೆ. ಪೈಪ್, ಫೈಂಡ್, ಸಿಗ್ನಲ್ ಇವೆಲ್ಲ ಕಲಿತ ಹಾಗೂ ಆಗುತ್ತದೆ, ಆ ಕಲಿಕೆ ಮುಂದೆ ಎಲ್ಲೇ ಕೆಲಸಕ್ಕೆ ಸೇರಿದರೂ ಉಪಯೋಗಕ್ಕೆ ಬರುತ್ತದೆ. ಮೂರನೇ ವರ್ಷದಲ್ಲಿ ವೆಬ್ ಪ್ರಾಜೆಕ್ಟ್ ಹಿಡಿದಾಗ ಹೊಸ ಫೈಲುಗಳ ಲೂಪ್ ಕಿರಿಕಿರಿ ಅನ್ನಿಸಿದರೆ ಆಗ ವಾಚ್‌ಎಕ್ಸೆಕ್‌ಗೆ ಹೋಗಲಿ.

ಬೆಳ್ಳಂದೂರಿನವರಿಗೆ ವಾಚ್‌ಎಕ್ಸೆಕ್. ಮೂರು ಆಪರೇಟಿಂಗ್ ಸಿಸ್ಟಂಗಳಲ್ಲಿ ಒಂದೇ ಕಮಾಂಡ್ ನಡೆಯುವುದು ಅವರಿಗೆ ಉಳಿದೆಲ್ಲಕ್ಕಿಂತ ಮುಖ್ಯ. ಮ್ಯಾಕ್‌ನವರು ಹೋಮ್‌ಬ್ರೂನಿಂದ, ವಿಂಡೋಸ್‌ನವರು ಸ್ಕೂಪ್‌ನಿಂದ ಹಾಕಿಕೊಳ್ಳಬಹುದು. ಕಮಾಂಡನ್ನು ಒಬ್ಬೊಬ್ಬರ ಟರ್ಮಿನಲ್ ಇತಿಹಾಸದಲ್ಲಿ ಬಿಡದೆ ರೆಪೊದಲ್ಲಿ ಒಂದು ಸ್ಕ್ರಿಪ್ಟಾಗಿ ಇಡಬೇಕು, ಹೊಸಬರು ಬಂದಾಗ ಅದೇ ದಾಖಲೆ. ಅವರ ಪ್ರಾಜೆಕ್ಟ್ ಪೂರ್ತಿ ಜಾವಾಸ್ಕ್ರಿಪ್ಟ್ ಆಗಿದ್ದಿದ್ದರೆ ನಾನು ನೋಡ್‌ಮನ್ ಹೇಳುತ್ತಿದ್ದೆ. ಅರ್ಧ ಗೋ ಇರುವುದರಿಂದ ಹೇಳುತ್ತಿಲ್ಲ.

ಚಾಮರಾಜಪೇಟೆಯವರ ಪ್ರಕರಣ ನನಗೆ ಹೆಚ್ಚು ಆಸಕ್ತಿಯದ್ದು. ಅವರದು ಮುಗಿಯುವ ಕಮಾಂಡ್, ಆದರೆ ನಿಧಾನದ್ದು. ಮುನ್ನೂರು ಪುಟದ ಪುಸ್ತಕವನ್ನು ಝೀಲೇಟೆಕ್ ಕಟ್ಟಿ ಮುಗಿಸುವ ತನಕ ಒಂದು ಅಲ್ಪವಿರಾಮಕ್ಕಾಗಿ ಕಾಯುವುದು ಬೇಸರ. ಅವರಿಗೆ ವಾಚರ್ ಆಗಿ ಇಎನ್‌ಟಿಆರ್, ಅದರ ಜೊತೆ ಮೇಕ್ ಕೂಡ ಬೇಕು. ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬರೆದ ಮೇಕ್ ಇಂದಿಗೂ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಯಾವ ಪಿಡಿಎಫ್ ಯಾವ ಅಧ್ಯಾಯದಿಂದ ಹುಟ್ಟುತ್ತದೆ ಎಂದು ಮೇಕ್‌ಫೈಲ್‌ನಲ್ಲಿ ಬರೆದಿಟ್ಟರೆ, ಸಮಯ ಹೋಲಿಸಿ ಬದಲಾದ ಅಧ್ಯಾಯದ ಕರಡನ್ನು ಮಾತ್ರ ಅದು ಮತ್ತೆ ಕಟ್ಟುತ್ತದೆ. ಏನೋ ಬದಲಾಯಿತು ಎಂದು ಹೇಳುವುದು ಇಎನ್‌ಟಿಆರ್, ಏನನ್ನು ಮತ್ತೆ ಮಾಡಬೇಕು ಎಂದು ತೀರ್ಮಾನಿಸುವುದು ಮೇಕ್. ಇಡೀ ಪುಸ್ತಕದ ಪಿಡಿಎಫ್ ಸಂಜೆ ಒಮ್ಮೆ ತೆಗೆದರಾಯಿತು. ಎವಿನ್ಸ್ ಅಥವಾ ಓಕ್ಯುಲರ್‌ನಲ್ಲಿ ಕರಡು ತೆರೆದಿಟ್ಟಿದ್ದರೆ ಹೊಸ ಪುಟ ತಾನೇ ಬಂದು ಕೂರುತ್ತದೆ. ಲೇಟೆಕ್‌ನಲ್ಲೇ ನೇರ ಬರೆಯುವವರಾದರೆ ಲೇಟೆಕ್‌ಎಂಕೆಯ ಪಿವಿಸಿ ಆಯ್ಕೆ ಸಾಕು, ಬೇರೆ ವಾಚರ್ ಬೇಡ.

ಅವರಿಗೆ ಹೇಳಿದ ಇನ್ನೊಂದು ಮಾತು ಕನ್ನಡದಲ್ಲಿ ಫೈಲ್ ಹೆಸರಿಡುವ ಎಲ್ಲರಿಗೂ ಬೇಕಾದದ್ದು. ಕನ್ನಡದ ಈ, ಏ, ಐ, ಒ, ಓ ಕಾರದ ಚಿಹ್ನೆಗಳನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಎರಡು ಮೂರು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳು ಹೆಸರನ್ನು ಬಿಡಿಸಿ ಇಟ್ಟುಕೊಳ್ಳುತ್ತವೆ, ಲಿನಕ್ಸ್ ನೀವು ಟೈಪ್ ಮಾಡಿದಂತೆಯೇ ಇಟ್ಟುಕೊಳ್ಳುತ್ತದೆ. ಆಗ ಇಗ್ನೋರ್ ಪಟ್ಟಿಯಲ್ಲಿ ಬರೆದ "ಕೋಶ" ಎಂಬ ಫೋಲ್ಡರ್ ಹೆಸರು ಡಿಸ್ಕಿನ ಮೇಲಿರುವ "ಕೋಶ"ಕ್ಕೆ ಹೊಂದದೆ ಹೋಗಬಹುದು, ವಾಚರ್ ಬೇಡದ ಫೋಲ್ಡರಿಗೂ ಓಗೊಡಬಹುದು. ಪುಸ್ತಕದ ಒಳಗೆ ಕನ್ನಡ ಎಷ್ಟು ಬೇಕಾದರೂ ಇರಲಿ. ವಾಚರ್ ಮತ್ತು ಮೇಕ್‌ಗೆ ಕೊಡುವ ಹೆಸರುಗಳು ಮಾತ್ರ ಖಾಲಿ ಜಾಗವಿಲ್ಲದ ರೋಮನ್ ಅಕ್ಷರಗಳಲ್ಲಿರಲಿ.

ಹಾಕಿಕೊಂಡ ಮೇಲೆ ಪರೀಕ್ಷಿಸುವ ಬಗೆ

ಯಾವುದನ್ನೇ ಆರಿಸಿ, ನಿಮ್ಮ ಸ್ವಂತ ಪ್ರಾಜೆಕ್ಟಿನಲ್ಲಿ, ನಿಮ್ಮದೇ ಎಡಿಟರ್‌ನಲ್ಲಿ ಹತ್ತು ನಿಮಿಷ ಪರೀಕ್ಷೆ ಮಾಡಿ. ಒಮ್ಮೆ ಸೇವ್ ಮಾಡಿ ಕಮಾಂಡ್ ಒಮ್ಮೆ ಮಾತ್ರ ಓಡಿತೇ ನೋಡಿ. ಅದೇ ಫೈಲನ್ನು ಮತ್ತೆ ಸೇವ್ ಮಾಡಿ, ಎರಡನೇ ಸಲ ಸುಮ್ಮನಿದ್ದರೆ ನಿಮ್ಮ ಎಡಿಟರ್ ಸೇವ್ ಮಾಡುವ ರೀತಿಗೂ ಟೂಲ್‌ಗೂ ಹೊಂದಿಕೆಯಿಲ್ಲ ಎಂದರ್ಥ. ವಿಮ್‌ನವರು ಬ್ಯಾಕಪ್‌ಕಾಪಿ ಸೆಟ್ಟಿಂಗನ್ನು ಯೆಸ್ ಮಾಡಿದರೆ ಇದು ಸಾಮಾನ್ಯವಾಗಿ ಸರಿಹೋಗುತ್ತದೆ. ಹೊಸ ಫೈಲ್ ಒಂದನ್ನು ಸೇರಿಸಿ ನೋಡಿ. ಬ್ರಾಂಚ್ ಬದಲಿಸಿ ಎಷ್ಟು ಸಲ ಓಡುತ್ತದೆ ಎಣಿಸಿ. ಕಮಾಂಡ್ ಅರ್ಧ ಓಡಿರುವಾಗ ಇನ್ನೊಂದು ಬದಲಾವಣೆ ಸೇವ್ ಮಾಡಿ, ಕೊನೆಯ ಫಲಿತಾಂಶ ಯಾವ ಕೋಡಿನದು ಎಂದು ಗಮನಿಸಿ. ಕೊನೆಗೆ ಕಂಟ್ರೋಲ್ ಸಿ ಒತ್ತಿ ಹೊರಬಂದು, ಸರ್ವರ್ ಬಳಸುತ್ತಿದ್ದ ಪೋರ್ಟನ್ನು ಈಗಲೂ ಯಾರಾದರೂ ಹಿಡಿದಿದ್ದಾರೆಯೇ ಎಂದು ಎಲ್‌ಎಸ್‌ಒಎಫ್ ಕಮಾಂಡಿನಿಂದ ನೋಡಿ. ಹಿಡಿದಿದ್ದರೆ ನಡುವೆ ಒಂದು ಶೆಲ್ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಸ್ಕ್ರಿಪ್ಟಿನ ಕೊನೆಯ ಸಾಲಿನಲ್ಲಿ ಸರ್ವರ್ ಕಮಾಂಡಿನ ಆರಂಭದಲ್ಲಿ ಎಕ್ಸೆಕ್ ಎಂಬ ಪದ ಸೇರಿಸಿದರೆ ಶೆಲ್ ತಾನು ಸರಿದು ಸರ್ವರ್‌ಗೆ ಜಾಗ ಬಿಡುತ್ತದೆ, ಸಿಗ್ನಲ್ ನೇರವಾಗಿ ಸರ್ವರ್‌ಗೇ ಮುಟ್ಟುತ್ತದೆ.